ನಾಗಪುರದ ಬಸ್ಸಿಗೆ ಒಂದು ಸೋಪು, ಎರಡು ಕ್ಯಾನ್ ನೀರು



ದೀಕ್ಷಾಭೂಮಿಗೆ ಹೊರಡೋ ಬಸ್ಸುಗಳ ಪಟ್ಟಿ ತಯಾರಾಗ್ತಾ ಇದೆ. ಇಲಾಖೆಯಿಂದ ಹೋಗೋ ಬಸ್ಸುಗಳು ಒಂದು ಕಡೆಯಾದರೆ, ನಾವು ನಾವೇ ತಲೆಗಿಷ್ಟು ಅಂತ ಹಾಕ್ಕೊಂಡು ಹೊರಡಿಸೋ ಬಸ್ಸುಗಳು ಇನ್ನೊಂದು ಕಡೆ. ನಮ್ಮ ತಾಲ್ಲೂಕಿನ ಪಟ್ಟಿ ಬರೆಯೋ ಕೆಲಸ ಎಂದಿನಂತೆ ನನ್ನ ತಲೆಗೇ ಬಂದಿದೆ. ಗುಮಾಸ್ತನಾದ ಮೇಲೆ ಕಚೇರಿಯಲ್ಲೂ ಪಟ್ಟಿ, ಸಂಘಟನೆಯಲ್ಲೂ ಪಟ್ಟಿ. ಬ್ಯಾನರ್, ಬಾವುಟ, ಜಮಖಾನ, ಗ್ಯಾಸ್ ಸ್ಟವ್, ಅಕ್ಕಿ, ಬೇಳೆ, ಈರುಳ್ಳಿ ಎಲ್ಲ ಬರೆದು ಕೊನೆಗೆ "ಬಟ್ಟೆ ಸೋಪು 1, ಇಪ್ಪತ್ತು ಲೀಟರಿನ ನೀರಿನ ಕ್ಯಾನ್ 2, ಕುಡಿಯೋಕಲ್ಲ, ಯಾರೂ ಮುಟ್ಟಬಾರದು" ಅಂತ ಬರೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಹುಡುಗರು ನಗೋ ಮುಖ ಹಾಕಿದರು. "ಅಣ್ಣ ದಾರೀಲಿ ಬಟ್ಟೆ ಒಗೀತಾರೆ" ಅಂತ ಒಬ್ಬ ಬರೆದ. ಅವನಿಗೂ ಅವನ ಜೊತೆ ನಕ್ಕವರಿಗೂ ಉತ್ತರವಾಗಿ ಇದನ್ನ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಆ ಸೋಪು ನಾಯಿ ಕಡಿದರೆ ಬೇಕಾಗೋದು.

ರೇಬೀಸ್ ಬಗ್ಗೆ ನಮಗೆಲ್ಲ ಒಂದೇ ಒಂದು ಸಂಗತಿ ಗೊತ್ತಿದ್ದರೂ ಸಾಕು. ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಔಷಧಿ ಇಲ್ಲ. ದುಡ್ಡಿದ್ದವನಿಗೂ ಇಲ್ಲ, ಇಲ್ಲದವನಿಗೂ ಇಲ್ಲ. ಆದರೆ ಲಕ್ಷಣ ಬರೋದಕ್ಕೆ ಮೊದಲು ಅದನ್ನ ತಡೆಯೋದು ಹೆಚ್ಚುಕಡಿಮೆ ಖಚಿತವಾಗಿ ಸಾಧ್ಯ. ಕಡಿತಕ್ಕೂ ಲಕ್ಷಣಕ್ಕೂ ನಡುವೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಸಮಯ ಇರತ್ತೆ. ಕೆಲವರಲ್ಲಿ ವಾರದಲ್ಲೇ ಬರಬಹುದು, ಕೆಲವರಲ್ಲಿ ವರ್ಷ ಕಳೆದ ಮೇಲೂ ಬರಬಹುದು. ವೈರಸ್ಸು ರಕ್ತದಲ್ಲಿ ಓಡಲ್ಲ, ಕಡಿದ ಜಾಗದ ನರ ಹಿಡಕೊಂಡು ನಿಧಾನಕ್ಕೆ ಮಿದುಳಿನ ಕಡೆ ಹತ್ತತ್ತೆ. ಅದು ಮಿದುಳು ಮುಟ್ಟೋದಕ್ಕೆ ಮುಂಚೆ ನಾವು ಆಸ್ಪತ್ರೆ ಮುಟ್ಟಬೇಕು, ಅಷ್ಟೇ. ಮುಖ, ತಲೆ, ಕುತ್ತಿಗೆಗೆ ಕಡಿದರೆ ದಾರಿ ಗಿಡ್ಡ. ಅದಕ್ಕೇ ನಾಯಿ ಮುಖಕ್ಕೇ ಹಾರುವಷ್ಟು ಎತ್ತರದ ಚಿಕ್ಕ ಮಕ್ಕಳ ವಿಷಯದಲ್ಲಿ ಭಯ ಜಾಸ್ತಿ.

ಇಷ್ಟು ಸಮಯ ಇದ್ದೂ ಜನ ಯಾಕೆ ಸಾಯ್ತಾರೆ? ಐಸಿಎಂಆರ್ ತಂಡ ದೇಶದ ಉದ್ದಗಲ ಮಾಡಿದ ಸಮೀಕ್ಷೆಯೊಂದು 2024ರಲ್ಲಿ ಲ್ಯಾನ್ಸೆಟ್ ಬಳಗದ ಒಂದು ಪತ್ರಿಕೆಯಲ್ಲಿ ಬಂತು. ವರ್ಷಕ್ಕೆ ಸುಮಾರು 91 ಲಕ್ಷ ಜನಕ್ಕೆ ಪ್ರಾಣಿ ಕಡಿಯತ್ತೆ, 5,700ಕ್ಕೂ ಹೆಚ್ಚು ಜನ ರೇಬೀಸ್‌ನಿಂದ ಸಾಯ್ತಾರೆ ಅನ್ನೋದು ಅವರ ಅಂದಾಜು. ನನ್ನ ಕಣ್ಣು ನಿಂತದ್ದು ಇನ್ನೊಂದು ಅಂಕಿ ಮೇಲೆ. ಕಡಿಸಿಕೊಂಡವರಲ್ಲಿ ಐದರಲ್ಲಿ ಒಬ್ಬರು ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ. ಶುರು ಮಾಡಿದವರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಜನ ಮುಗಿಸಿರಲಿಲ್ಲ. ಆ ಮುಗಿಸದ ಅರ್ಧ ಯಾರಿರಬಹುದು ಅಂತ ಸಮೀಕ್ಷೆ ಓದೋದಕ್ಕೆ ಮುಂಚೇನೇ ನನಗೆ ಗೊತ್ತಿತ್ತು. ಯಾಕಂದ್ರೆ ಅವರಲ್ಲಿ ಒಬ್ಬ ನಮ್ಮ ದೊಡ್ಡಮ್ಮನ ಮಗ.

ಸೆಂಟ್ರಿಂಗ್ ಕೆಲಸ ಮಾಡ್ತಿದ್ದ. ಮೊದಲು ಬೆಂಗಳೂರು, ಆಮೇಲೆ ಹೊಸೂರು. ಅಲ್ಲಿ ಕೆಲಸದ ಜಾಗದಲ್ಲೇ ಸಾಕಿಕೊಂಡಿದ್ದ ಒಂದು ಮರಿ ಕೈ ಕಚ್ಚಿತು. ಮರಿ ತಾನೇ ಅಂತ ಬಿಡದೆ ಒಂದು ಇಂಜೆಕ್ಷನ್ ಹಾಕಿಸಿಕೊಂಡ, ಅಷ್ಟರಮಟ್ಟಿಗೆ ಅವನೇನೂ ಅಜ್ಞಾನಿಯಲ್ಲ. ಎರಡನೇದು ಹಾಕೋ ಹೊತ್ತಿಗೆ ಮೇಸ್ತ್ರಿ ಇಡೀ ಗ್ಯಾಂಗನ್ನ ಲಾರಿ ಹತ್ತಿಸಿ ಕೊಯಮತ್ತೂರಿಗೆ ಕರಕೊಂಡು ಹೋದ. ಅಲ್ಲಿ ಆಸ್ಪತ್ರೆ ಎಲ್ಲಿದೆ, ಯಾವ ಭಾಷೆ, ಅರ್ಧ ದಿನ ಬಿಟ್ಟರೆ ಕೂಲಿ ಎಷ್ಟು ಹಿಡೀತಾರೆ? ಎರಡು ತಿಂಗಳ ಮೇಲೆ ಹಬ್ಬಕ್ಕೆ ಊರಿಗೆ ಬಂದವನು ಕೈ ಜುಮುಜುಮು ಅಂತಿದೆ ಅಂದ. ಮಾರನೇ ದಿನ ನೀರಿನ ಲೋಟ ಎತ್ತಿದರೆ ಗಂಟಲು ಹಿಡಕೊಂಡಿತು. ಫ್ಯಾನ್ ಗಾಳಿ ತಾಗಿದರೂ ಬೆಚ್ಚಿ ಬೀಳ್ತಿದ್ದ. ಗಾಳಿ ಸೋಕಿದೆ ಅಂತ ನಿಂಬೆಹಣ್ಣು ನಿವಾಳಿಸಿದರು. ಆಸ್ಪತ್ರೆಗೆ ಕರಕೊಂಡು ಹೋದಾಗ ಡಾಕ್ಟ್ರು ಅವನ ಮುಖ ನೋಡಿ ನಮ್ಮನ್ನ ಹೊರಗೆ ಕರೆದು "ನಾಯಿ ಕಚ್ಚಿತ್ತಾ?" ಅಂದರು. ಇನ್ನೇನೂ ಹೇಳಲಿಲ್ಲ. ನಾಲ್ಕು ದಿನ. ಕೊನೇವರೆಗೂ ನಡುನಡುವೆ ಅವನಿಗೆ ಎಚ್ಚರ ಇತ್ತು, ಎಲ್ಲರ ಗುರುತು ಹಿಡೀತಿದ್ದ. ಅವನ ಪರ್ಸಿನಲ್ಲಿ ನಾಲ್ಕು ಮಡಿಕೆ ಮಾಡಿದ ಚೀಟಿ ಇತ್ತು. ಹೊಸೂರಿನ ಡಾಕ್ಟ್ರು ನೀಲಿ ಪೆನ್ನಿನಲ್ಲಿ ಮುಂದಿನ ಮೂರು ತಾರೀಕು ಬರೆದುಕೊಟ್ಟಿದ್ದರು. ಇದು 2011ರ ಮಾತು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ಪ್ರವಾಸಿಗರಿಗೆ ರೇಬೀಸ್ ಎಚ್ಚರಿಕೆ ಅಂತ ಹುಡುಕಿ ನೋಡಿ. ವಿಮಾನ ಹತ್ತಿ ಬೇರೆ ದೇಶಕ್ಕೆ ಹೋಗೋರಿಗೆ ಬರೆದದ್ದು ಸಿಗತ್ತೆ. ಕೋತಿಗೆ ಬಾಳೆಹಣ್ಣು ಕೊಡಬೇಡಿ, ಬೀದಿನಾಯಿ ಮುದ್ದು ಮಾಡಬೇಡಿ, ಇನ್ಶೂರೆನ್ಸ್ ಮಾಡಿಸಿ. ಒಳ್ಳೇದೇ. ಆದರೆ ಈ ದೇಶದಲ್ಲಿ ಅತಿ ಹೆಚ್ಚು ಪ್ರಯಾಣ ಮಾಡೋನು ಯಾರು? ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯೋಕೆ, ಕಟ್ಟಡದ ಕೆಲಸಕ್ಕೆ ಅಂತ ಜಿಲ್ಲೆಯಿಂದ ಜಿಲ್ಲೆಗೆ, ರಾಜ್ಯದಿಂದ ರಾಜ್ಯಕ್ಕೆ ಹೋಗೋ ನಮ್ಮ ಜನ. ಅವರನ್ನ ಯಾರೂ ಪ್ರವಾಸಿ ಅನ್ನಲ್ಲ. ನಾಲ್ಕು ಇಂಜೆಕ್ಷನ್ನಿಗೆ ಇಪ್ಪತ್ತೆಂಟು ದಿನ ಬೇಕು. ಇಪ್ಪತ್ತೆಂಟು ದಿನ ಒಂದೇ ಊರಲ್ಲಿ ಇರೋ ಭಾಗ್ಯ ಎಷ್ಟು ಜನಕ್ಕಿದೆ?

ಈಗ ನಾಗಪುರದ ವಿಷಯಕ್ಕೆ ಬರ್ತೀನಿ.

ಎರಡು ವರ್ಷದ ಹಿಂದೆ ನಮ್ಮ ಬಸ್ಸು ಸಂಜೆ ಹೊರಟು, ರಾತ್ರಿ ಹೈದರಾಬಾದ್ ದಾಟಿ, ಗೋದಾವರಿ ಸೇತುವೆ ಇನ್ನೇನು ಬರತ್ತೆ ಅನ್ನೋ ಹೊತ್ತಿಗೆ ಒಂದು ಡಾಬಾ ಹತ್ತಿರ ನಿಂತಿತು. ಇನ್ನೂ ಕತ್ತಲು. ಡಾಬಾದ ಶೌಚಾಲಯಕ್ಕೆ ಬೀಗ. ಗಂಡಸರು ಎಲ್ಲೋ ನಿಂತು ಮುಗಿಸಿಕೊಂಡರು. ಹೆಂಗಸರು ಎಂದಿನಂತೆ ಇನ್ನೂ ದೂರ, ಇನ್ನೂ ಕತ್ತಲ ಕಡೆ ಹೋಗಬೇಕಾಯ್ತು. ಡಾಬಾ ಹಿಂದೆ ಕೋಳಿ ಪುಕ್ಕ, ಮೂಳೆ, ಎಂಜಲು ಸುರಿದ ಗುಡ್ಡೆ. ನಾಯಿಗಳಿಗೆ ಅದೇ ಮನೆ. ಬಸ್ಸು ಹೊರಟು ಅರ್ಧ ಗಂಟೆ ಆದ ಮೇಲೆ ಹಿಂದಿನ ಸೀಟಿಂದ ಒಬ್ಬ ಹುಡುಗಿ ಎದ್ದು ಬಂದು ನನ್ನ ಕಿವೀಲಿ ಹೇಳಿದಳು: "ಮಾವ, ಅಮ್ಮನಿಗೆ ನಾಯಿ ಕಚ್ಚಿದೆ. ಹೇಳ್ಬೇಡ ಅಂತಾಳೆ."

ಅವರಮ್ಮ ನಮ್ಮ ಪಟ್ಟಣದಲ್ಲಿ ಪೌರಕಾರ್ಮಿಕರು. ನನಗಿಂತ ಐದಾರು ವರ್ಷ ದೊಡ್ಡವರು, ಅಕ್ಕ ಅಂತೀವಿ. ಹದಿನಾಲ್ಕು ವರ್ಷದಿಂದ ಬೀದಿ ಗುಡಿಸ್ತಾ ಇದ್ದಾರೆ. ಹೋಗಿ ನೋಡಿದರೆ ಮೀನಖಂಡದಲ್ಲಿ ಎರಡು ಕಡೆ ಹಲ್ಲು ಇಳಿದು ರಕ್ತ ಸೋರ್ತಾ ಇದೆ. ಯಾರದೋ ಪೊಟ್ಟಣದಿಂದ ಅರಿಶಿನ ತಗೊಂಡು ಮೆತ್ತಿ ಸೆರಗಿನ ಚೂರು ಕಟ್ಟಿಕೊಂಡಿದ್ದಾರೆ.

"ಯಾಕಕ್ಕ ಹೇಳಲಿಲ್ಲ?"

"ಬಾಬಾಸಾಹೇಬ್ರ ಹತ್ರ ಹೋಗ್ತಾ ಇದೀವಿ ಕಣಪ್ಪ. ನನ್ನ ಒಬ್ಬಳಿಗೋಸ್ಕರ ನಲವತ್ತೈದು ಜನ ನಿಲ್ಲೋದಾ? ನನಗೇನ್ ನಾಯಿ ಹೊಸದಾ?"

ಇದನ್ನ ನೆನಪಿಟ್ಟುಕೊಳ್ಳಿ. ನಮ್ಮ ಜನ, ಅದರಲ್ಲೂ ಹೆಂಗಸರು, ಗಾಯ ಮುಚ್ಚಿಡ್ತಾರೆ. ನೋವು ತಡಕೊಳ್ಳೋದು ಅಭ್ಯಾಸ ಆಗಿರತ್ತೆ, ಇನ್ನೊಬ್ಬರಿಗೆ ಭಾರ ಆಗಬಾರದು ಅನ್ನೋ ಸಂಕೋಚ ಬೇರೆ. ಬಸ್ಸು ಹೊರಡೋ ಮುಂಚೆ ಮೈಕಿನಲ್ಲಿ ಊಟ ತಿಂಡಿ ಸಮಯ ಹೇಳ್ತೀರಲ್ಲ, ಜೊತೆಗೆ ಇದನ್ನೂ ಹೇಳಿ: ನಾಯಿ, ಕೋತಿ, ಬೆಕ್ಕು ಏನೇ ಕಚ್ಚಲಿ, ಪರಚಲಿ, ತಕ್ಷಣ ಹೇಳಬೇಕು, ಬಸ್ಸು ನಿಲ್ಲಿಸೋದು ನಮ್ಮ ಜವಾಬ್ದಾರಿ.

ಬಸ್ಸು ನಿಲ್ಲಿಸಿದೆವು. ಸೋಪು ಯಾರ ಹತ್ತಿರ ಇದೆ ಅಂದರೆ ಸ್ನಾನದ ಸೋಪು ನಾಲ್ಕೈದು ಬಂದವು. ನೀರು ಮಾತ್ರ ಕುಡಿಯೋ ಬಾಟಲಿಗಳು. ರಸ್ತೆ ಪಕ್ಕ ಅಕ್ಕನ್ನ ಕೂರಿಸಿ, ಅರಿಶಿನ ಎಲ್ಲ ತೆಗೆದು, ಒಂದೊಂದೇ ಬಾಟಲಿ ಸುರೀತಾ ತೊಳೆದೆವು. ಮಗಳು ಮೊಬೈಲಿನಲ್ಲಿ ಸಮಯ ನೋಡ್ತಾ ಇದ್ದಳು. ಹದಿನೈದು ನಿಮಿಷ ತೊಳೀಬೇಕು, ಹರಿಯೋ ನೀರಿನಲ್ಲಿ. ಕಾಯುತ್ತಾ ನಿಂತವನಿಗೆ ಹದಿನೈದು ನಿಮಿಷ ಎಷ್ಟುದ್ದ ಅಂತ ಅವತ್ತು ಗೊತ್ತಾಯ್ತು. ಐದು ನಿಮಿಷಕ್ಕೇ "ಸಾಕು ಬಿಡಿ" ಅನ್ನೋರು ಶುರುವಾಗ್ತಾರೆ. ಸಾಲದು. ಆ ವೈರಸ್ಸಿನ ಮೇಲೆ ಎಣ್ಣೆಯಂಥ ಒಂದು ಪದರ ಇದೆ, ಸೋಪು ಅದನ್ನ ಕರಗಿಸಿ ವೈರಸ್ಸನ್ನೇ ಕೆಡಿಸತ್ತೆ. ಹಾಗಾಗಿ ಬಟ್ಟೆ ಸೋಪಾದರೂ ಸರಿ, ತೊಳೆಯೋದೇ ಮೊದಲ ಚಿಕಿತ್ಸೆ. ನಮ್ಮ ಹಿರಿಯರೊಬ್ಬರು ಸುಣ್ಣ ಹಚ್ಚಿ ಅಂದರು, ಡ್ರೈವರು ಖಾರದ ಪುಡಿ ಅಂದ. ಇವೆರಡೂ ಗಾಯವನ್ನ ಇನ್ನಷ್ಟು ಕೆಡಿಸ್ತವೆ ಬಿಟ್ಟರೆ ಬೇರೇನೂ ಮಾಡಲ್ಲ. ಕಾಫಿಪುಡಿ, ಸೊಪ್ಪಿನ ರಸ, ಮಂತ್ರಿಸಿದ ದಾರ ಎಲ್ಲದಕ್ಕೂ ಇದೇ ಮಾತು. ತೊಳೆದ ಮೇಲೆ ಬೆಟಾಡಿನ್ ಇದ್ದರೆ ಹಚ್ಚಿ, ಗಟ್ಟಿಯಾಗಿ ಕಟ್ಟಬೇಡಿ, ಹೊಲಿಗೆ ಹಾಕಿಸೋಕೆ ಆತುರ ಮಾಡಬೇಡಿ. ನಮ್ಮ ನಲವತ್ತೈದು ಜನರ ಕುಡಿಯೋ ನೀರು ಅಲ್ಲೇ ಖಾಲಿ ಆಯ್ತು. ಎರಡು ಕ್ಯಾನ್ ನೀರು ಪಟ್ಟಿಗೆ ಬಂದದ್ದು ಹೀಗೆ.

"ನಾಯಿ ಚೆನ್ನಾಗೇ ಇತ್ತು, ಹುಚ್ಚುನಾಯಿ ಅಲ್ಲ, ಹತ್ತು ದಿನ ನೋಡೋಣ" ಅಂತ ಒಬ್ಬರು. ಆ ಹತ್ತು ದಿನದ ಲೆಕ್ಕ ನಿಜ, ಆದರೆ ಅರ್ಧ ನಿಜ. ಮನೇಲಿ ಕಟ್ಟಿ ಸಾಕಿದ ನಾಯಿ ಅಥವಾ ಬೆಕ್ಕು ಆದರೆ ಹತ್ತು ದಿನ ಗಮನಿಸ್ತಾರೆ, ಅದು ಆರೋಗ್ಯವಾಗೇ ಇದ್ದರೆ ಉಳಿದ ಇಂಜೆಕ್ಷನ್ ನಿಲ್ಲಿಸೋ ವಿಚಾರ ಡಾಕ್ಟ್ರು ಮಾಡ್ತಾರೆ. ಆದರೆ ಮೊದಲ ಇಂಜೆಕ್ಷನ್ ಅವತ್ತೇ ಹಾಕಬೇಕು. ಕಾದು ನೋಡಿ ಶುರು ಮಾಡೋದಲ್ಲ. ಮತ್ತೆ ಹೆದ್ದಾರಿಯ ಡಾಬಾದ ನಾಯಿಯನ್ನ ನಾಗಪುರದಿಂದ ಯಾರು ಗಮನಿಸ್ತಾರೆ? ಪ್ರಯಾಣದಲ್ಲಿ ಇರೋರಿಗೆ ಆ ಹತ್ತು ದಿನದ ಮಾತು ಅನ್ವಯಿಸೋದೇ ಇಲ್ಲ.

ಮೊದಲು ಸಿಕ್ಕಿದ ಸಣ್ಣ ಸರ್ಕಾರಿ ಆಸ್ಪತ್ರೆಗೆ ಹೋದೆವು. ಊರಿನ ಹೆಸರು ಬರೆಯಲ್ಲ. ಅಲ್ಲಿದ್ದವರು ಬಸ್ಸಿನ ಮೇಲಿನ ಬ್ಯಾನರ್ ನೋಡಿದರು, ನಮ್ಮ ನೀಲಿ ಶಾಲು ನೋಡಿದರು. ಆಧಾರ್ ಕೇಳಿದರು. ಬೇರೆ ರಾಜ್ಯದ್ದು ಅಂದರು. ಗಾಯದ ಹತ್ತಿರ ಬಗ್ಗಿ ಕೂಡ ನೋಡದೆ, ಮೂರು ಮಾರು ದೂರದಿಂದ ಕೈ ತೋರಿಸಿ ನಲ್ಲಿ ಅಲ್ಲಿದೆ, ತೊಳಕೊಳ್ಳಿ ಅಂದರು. ಜಾತಿಯೋ, ಬೆಳಗಿನ ಸೋಮಾರಿತನವೋ, ಹೇಳೋಕಾಗಲ್ಲ. ನಮಗೆ ಆ ಅನುಮಾನ ಯಾವತ್ತೂ ಪೂರ್ತಿ ಬಗೆಹರಿಯಲ್ಲ, ಅದೇ ಕಷ್ಟ. ಬಾಬಾಸಾಹೇಬರು "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಕಾಠಿಯಾವಾಡದ ಒಬ್ಬ ಶಿಕ್ಷಕನ ಪತ್ರ ಸೇರಿಸಿದ್ದಾರೆ, ನೆನಪಿದೆಯಾ? 1929ರಲ್ಲಿ ಯಂಗ್ ಇಂಡಿಯಾದಲ್ಲಿ ಬಂದದ್ದು. ಹೆರಿಗೆ ಆದ ಹೆಂಡತಿಗೆ ಕಾಯಿಲೆ. ಡಾಕ್ಟ್ರು ಥರ್ಮಾಮೀಟರನ್ನ ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನಿಗೆ, ಗಂಡ ಹೆಂಡತಿಗೆ, ಮತ್ತೆ ಹಾಗೇ ವಾಪಸ್ಸು. ಆಕೆ ಉಳೀಲಿಲ್ಲ. ಆ ಪುಸ್ತಕ ಇರೋದೇ ಬಹುಪಾಲು ಪ್ರಯಾಣದ ಮೇಲೆ. ಚಾಳೀಸ್‌ಗಾಂವ್‌ನಲ್ಲಿ ಟಾಂಗಾ ಓಡಿಸೋರು ಯಾರೂ ಬರದೆ, ಓಡಿಸೋಕೆ ಬರದವನು ಓಡಿಸಿ, ಬಾಬಾಸಾಹೇಬರು ಬಿದ್ದು ಕಾಲು ಮುರಿದುಕೊಂಡ ಪ್ರಸಂಗ ಕೂಡ ಅದರಲ್ಲೇ ಇದೆ. ದಾರಿಯಲ್ಲಿ ಗಾಯ ಆದರೆ ಏನೇನಾಗತ್ತೆ ಅಂತ ಅವರಿಗೆ ಗೊತ್ತಿತ್ತು.

ನಾನು ಅಲ್ಲಿ ಕೂಗಾಡಲಿಲ್ಲ. ಘೋಷಣೆ ಕೂಗೋ ಜಾಗ ಅದಲ್ಲ. ಜೇಬಿನಿಂದ ಬಿಳಿಹಾಳೆ ತೆಗೆದು ಸಮಯ, ದಿನಾಂಕ, ರೋಗಿಯ ಹೆಸರು, "ಪ್ರಾಣಿ ಕಡಿತ, ರಕ್ತಸ್ರಾವ, ಚಿಕಿತ್ಸೆ ಕೋರಿ" ಅಂತ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಇದಕ್ಕೆ ಸ್ವೀಕೃತಿ ಹಾಕಿ ಕೊಡಿ ಅಂದೆ. ಇಪ್ಪತ್ತು ವರ್ಷ ಕಡತ ಹೊತ್ತವನಿಗೆ ಇಷ್ಟು ಗೊತ್ತು, ಸೀಲು ಹಾಕೋ ಮಾತು ಬಂದರೆ ಕುರ್ಚಿಯಲ್ಲಿ ಕೂತವರು ಎದ್ದು ನಿಲ್ತಾರೆ. ಲಸಿಕೆ ಹಾಕಿದರು. ಚೀಟಿ ಕೊಟ್ಟರು. ಇಮ್ಯುನೋಗ್ಲಾಬ್ಯುಲಿನ್ ಕೇಳಿದೆ, ಇಲ್ಲ ಅಂದರು, ಮುಂದಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ಈ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಉದ್ದ ಹೆಸರನ್ನ ದಯವಿಟ್ಟು ಬಾಯಿಪಾಠ ಮಾಡಿಕೊಳ್ಳಿ. ಹೆಚ್ಚಿನ ಜನಕ್ಕೆ ಗೊತ್ತಿರೋದು ಲಸಿಕೆ ಒಂದೇ. ಲಸಿಕೆ ಹಾಕಿದ ಕೂಡಲೇ ನಮ್ಮ ಮೈ ರೋಗದ ವಿರುದ್ಧ ಹೋರಾಡೋ ಶಕ್ತಿ ತಯಾರು ಮಾಡಲ್ಲ, ಒಂದೆರಡು ವಾರ ಹಿಡಿಯತ್ತೆ. ಅಲ್ಲಿವರೆಗೂ ಕಾಯೋಕೆ ತಯಾರಾದ ಶಕ್ತಿಯನ್ನೇ ಹೊರಗಿಂದ ತಂದು ನೇರ ಗಾಯದ ಒಳಗೆ, ಸುತ್ತಮುತ್ತ ಚುಚ್ಚಬೇಕು. ಅದೇ ಇದು. ಚರ್ಮ ಸೀಳಿ ರಕ್ತ ಬಂದಿದ್ದರೆ, ಅಥವಾ ಗಾಯಕ್ಕೆ, ಬಾಯಿಗೆ, ಕಣ್ಣಿಗೆ ನಾಯಿ ಜೊಲ್ಲು ತಾಗಿದ್ದರೆ ಅದನ್ನ ಮೂರನೇ ದರ್ಜೆ ಅಂತಾರೆ, ಅವರಿಗೆ ಲಸಿಕೆ ಜೊತೆಗೆ ಇದೂ ಬೇಕೇ ಬೇಕು. ರಕ್ತ ಬರದ ಸಣ್ಣ ಪರಚು ಗಾಯಕ್ಕೆ ಲಸಿಕೆ ಮಾತ್ರ ಸಾಕು. ಗಾಯವಿಲ್ಲದ ಚರ್ಮವನ್ನ ನೆಕ್ಕಿದರೆ ತೊಳೆದರೆ ಸಾಕು. ಮೊದಲ ದಿನವೇ ಇಮ್ಯುನೋಗ್ಲಾಬ್ಯುಲಿನ್ ಸಿಗದಿದ್ದರೆ ಮೊದಲ ಲಸಿಕೆ ಆದ ಏಳು ದಿನದ ಒಳಗೆ ಹಾಕಿಸಬಹುದು, ಅದು ದಾಟಿದರೆ ಪ್ರಯೋಜನ ಇಲ್ಲ. ಹೊರಗೆ ಕೊಂಡರೆ ಸಾವಿರಾರು ರೂಪಾಯಿ. ಅದಕ್ಕೇ ಎಲ್ಲೂ ಯಾರೂ ತಾವಾಗಿ ಹೇಳಲ್ಲ, ನಾವೇ ಬಾಯಿಬಿಟ್ಟು ಕೇಳಬೇಕು.

ದೊಡ್ಡ ಆಸ್ಪತ್ರೆಯಲ್ಲಿ ಅಕ್ಕನ ತೂಕ ನೋಡಿದರು. ತೂಕದ ಮೇಲೆ ಅದರ ಲೆಕ್ಕ. ಅಲ್ಲಿದ್ದ ನರ್ಸಮ್ಮ ಒಬ್ಬರು, ನಮ್ಮ ತೊಳೆಯೋದನ್ನ ನಂಬದೆ, ತಾವೇ ಸ್ಟೂಲ್ ಎಳಕೊಂಡು ಕೂತು ಅಕ್ಕನ ಕಾಲನ್ನ ತಮ್ಮ ತೊಡೆ ಹತ್ತಿರ ಇಟ್ಟುಕೊಂಡು ಇನ್ನೊಂದು ಸಲ ತೊಳೆದರು. ಅಕ್ಕನಿಗೆ ಸಂಕೋಚ, ಕಾಲು ಹಿಂದಕ್ಕೆ ಎಳಕೊಳ್ತಾ ಇದ್ದರು. ನರ್ಸಮ್ಮ ಬಿಡಲಿಲ್ಲ. ಗಾಯದೊಳಗೆ ಸೂಜಿ ಇಳಿದಾಗ ಅಕ್ಕ ಕೂಗಲಿಲ್ಲ, ಮಗಳ ಕೈಯನ್ನ ಹಿಂಡಿ ಕೆಂಪು ಮಾಡಿದರು. ಡಾಕ್ಟ್ರು ಕೇಳಿದರು, "ಹಿಂದೆ ಯಾವತ್ತಾದರೂ ರೇಬೀಸ್ ಲಸಿಕೆ ತಗೊಂಡಿದ್ದೀರಾ?" ನಾನು ತೆಲುಗಿನಲ್ಲಿ ಹೇಳಿದೆ, ಇಲ್ಲ. "ಏನು ಕೆಲಸ?" ಪೌರಕಾರ್ಮಿಕರು. ಅವರು ಒಂದು ಕ್ಷಣ ಪೆನ್ನು ನಿಲ್ಲಿಸಿ ಮತ್ತೆ ಬರೆದರು.

ಅವರು ಯಾಕೆ ನಿಲ್ಲಿಸಿದರು ಅಂದರೆ, ನಾಯಿಗಳ ನಡುವೆ ಕೆಲಸ ಮಾಡೋರಿಗೆ ಕಡಿಯೋ ಮೊದಲೇ ಹಾಕೋ ಲಸಿಕೆ ಇದೆ. ಮೂರು ಸಲ. ಮೊದಲ ದಿನ, ಏಳನೇ ದಿನ, ಆಮೇಲೆ ಇಪ್ಪತ್ತೊಂದು ಅಥವಾ ಇಪ್ಪತ್ತೆಂಟನೇ ದಿನ. ಅದು ಆಗಿದ್ದರೆ ಮುಂದೆ ಕಡಿದಾಗ ಎರಡೇ ಇಂಜೆಕ್ಷನ್ ಸಾಕು, ಗಾಯದೊಳಗೆ ಚುಚ್ಚೋ ಇಮ್ಯುನೋಗ್ಲಾಬ್ಯುಲಿನ್ ಬೇಕಾಗೋದೇ ಇಲ್ಲ. ಪಶುವೈದ್ಯರು, ನಾಯಿ ಹಿಡಿಯೋರು, ಪ್ರಯೋಗಾಲಯದವರು ಇದನ್ನ ಹಾಕಿಸಿಕೊಳ್ಳೋದು ಎಲ್ಲರಿಗೂ ಗೊತ್ತಿರೋ ಪದ್ಧತಿ. ಬೆಳಗಿನ ಜಾವ ಐದು ಗಂಟೆಗೆ, ಬೀದಿ ನಾಯಿ ಬಿಟ್ಟರೆ ಇನ್ನೊಂದು ಜೀವ ಓಡಾಡದ ಹೊತ್ತಿನಲ್ಲಿ, ಕಸದ ಗುಡ್ಡೆಗೆ ಕೈ ಹಾಕೋ ಹೆಂಗಸರಿಗೆ ಹದಿನಾಲ್ಕು ವರ್ಷದಲ್ಲಿ ಯಾರೂ ಅದನ್ನ ಹೇಳಿರಲೇ ಇಲ್ಲ. ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ನಾಯಿ ಪರ, ನಾಯಿ ವಿರುದ್ಧ ಅಂತ ಟಿವಿಯಲ್ಲಿ ಎಷ್ಟು ಜಗಳ ಆಯ್ತು! ಎರಡೂ ಕಡೆಯವರು ಮಲಗಿರೋ ಹೊತ್ತಿನಲ್ಲಿ ನಾಯಿ ಮುಂದೆ ನಿಲ್ಲೋದು ನಮ್ಮ ಅಕ್ಕ. ನನಗೆ ನಾಯಿ ಮೇಲೆ ಸಿಟ್ಟಿಲ್ಲ. ಅವಕ್ಕೆ ಲಸಿಕೆ ಹಾಕಿಸೋ ಕೆಲಸ ಸರಿಯಾಗಿ ಆಗಿದ್ದರೆ ಈ ರೋಗವೇ ಇರ್ತಿರಲಿಲ್ಲ. 2030ರೊಳಗೆ ನಾಯಿಯಿಂದ ಬರೋ ರೇಬೀಸ್ ಇಲ್ಲವಾಗಿಸ್ತೀವಿ ಅಂತ ಕೇಂದ್ರ ಸರ್ಕಾರ 2021ರಲ್ಲೇ ಯೋಜನೆ ಬಿಡುಗಡೆ ಮಾಡಿದೆ.

ನಾಗಪುರ ಮುಟ್ಟಿದಾಗ ರಾತ್ರಿ. ಮಾರನೇ ದಿನ ಅಕ್ಕ ಕುಂಟುತ್ತಾನೇ ಸ್ತೂಪದ ಒಳಗೆ ಹೋಗಿ ಬಂದರು, ಅದರ ಬಗ್ಗೆ ನಾನು ಬರೆಯೋದು ಏನೂ ಇಲ್ಲ, ಹೋದವರಿಗೆ ಗೊತ್ತು. ಎರಡನೇ ಇಂಜೆಕ್ಷನ್ ಮೂರನೇ ದಿನಕ್ಕೆ. ಮೊದಲ ಇಂಜೆಕ್ಷನ್ ಹಾಕಿದ ದಿನವನ್ನ ಸೊನ್ನೆ ಅಂತ ಲೆಕ್ಕ ಹಾಕಬೇಕು, ಇದು ತುಂಬಾ ಜನಕ್ಕೆ ಗೊಂದಲ ಆಗತ್ತೆ. ಸೊನ್ನೆ, ಮೂರು, ಏಳು, ಇಪ್ಪತ್ತೆಂಟು. ಇದು ತೋಳಿನ ಚರ್ಮದೊಳಗೆ ಸ್ವಲ್ಪಸ್ವಲ್ಪ ಹಾಕೋ ಕ್ರಮ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಇದೇ. ಖಾಸಗಿಯವರು ಮಾಂಸಖಂಡಕ್ಕೆ ಹಾಕಿದರೆ ಹದಿನಾಲ್ಕನೇ ದಿನವೂ ಸೇರಿ ಐದಾಗತ್ತೆ. ಚೀಟಿಯಲ್ಲಿ ಯಾವ ಕ್ರಮ ಅಂತ ಬರೆಸಿಕೊಳ್ಳಿ, ಮುಂದಿನ ಊರಿನ ಡಾಕ್ಟ್ರಿಗೆ ಅದು ಬೇಕು. ನಾವು ವಾಪಸ್ಸು ಹೊರಡೋ ಬೆಳಿಗ್ಗೆಯೇ ಆ ಮೂರನೇ ದಿನ ಬಂತು. ಹೊರರೋಗಿ ವಿಭಾಗ ತೆರೆಯೋವರೆಗೂ ನಲವತ್ತೈದು ಜನ ನಾಗಪುರದ ಒಂದು ಆಸ್ಪತ್ರೆ ಮುಂದೆ ಬಸ್ಸಿನಲ್ಲೇ ಕೂತಿದ್ದೆವು. ಡ್ರೈವರು ಗೊಣಗಿದ. ನಮ್ಮವರೂ ಗೊಣಗಿದರು, ಸುಳ್ಳು ಯಾಕೆ ಹೇಳಲಿ. ಆದರೆ ಯಾರೂ ಇಳಿದು ಹೋಗಲಿಲ್ಲ. ಚೀಟಿ ತೋರಿಸಿದ ಮೇಲೆ ಅಲ್ಲಿ ಐದು ನಿಮಿಷದ ಕೆಲಸ.

ತಕರಾರು ಬಂದದ್ದು ಊರಿಗೆ ಬಂದ ಮೇಲೆ, ಏಳನೇ ದಿನ. "ಎಲ್ಲಿ ಶುರು ಮಾಡಿದ್ರೋ ಅಲ್ಲೇ ಹಾಕಿಸ್ಕೊಳ್ಳಿ" ಅಂದರು. ಎಂಟುನೂರು ಕಿಲೋಮೀಟರ್! ಆಮೇಲೆ "ಒಬ್ಬರಿಗೋಸ್ಕರ ವಯಲ್ ಒಡೆಯೋಕಾಗಲ್ಲ, ನಾಲ್ಕು ಜನ ಸೇರಲಿ, ನಾಳೆ ಬನ್ನಿ" ಅಂದರು. ಇದರ ಒಳಗುಟ್ಟು ಏನಂದ್ರೆ, ಚರ್ಮದೊಳಗೆ ಹಾಕೋ ಕ್ರಮದಲ್ಲಿ ಒಂದು ವಯಲ್ ಹಲವರಿಗೆ ಆಗತ್ತೆ, ತೆರೆದ ಮೇಲೆ ಕೆಲವು ಗಂಟೆಗಳಲ್ಲಿ ಮುಗಿಸದಿದ್ದರೆ ಉಳಿದದ್ದು ಚೆಲ್ಲಬೇಕು. ಸಿಬ್ಬಂದಿಗೆ ಲೆಕ್ಕ ಕೊಡೋ ತಲೆನೋವು, ಅದೂ ನನಗೆ ಅರ್ಥ ಆಗತ್ತೆ. ಆದರೆ ವಯಲ್ ಉಳಿಸೋಕೆ ಮನುಷ್ಯನನ್ನ ಕಾಯಿಸೋ ಹಾಗಿಲ್ಲ. ಬೇರೆ ಕಡೆ ಶುರುವಾದ ಲಸಿಕೆಯನ್ನ ಎಲ್ಲಿ ಬೇಕಾದರೂ ಮುಂದುವರಿಸಬಹುದು, ಕಂಪನಿ ಬೇರೆಯಾದರೂ ಮುಂದುವರಿಸಬಹುದು. ಒಂದು ದಿನಾಂಕ ತಪ್ಪಿದರೂ ಮೊದಲಿಂದ ಶುರು ಮಾಡೋದಲ್ಲ, ಆದಷ್ಟು ಬೇಗ ಹೋಗಿ ಮುಂದುವರಿಸೋದು. ತಪ್ಪಿಹೋಯ್ತಲ್ಲ ಇನ್ನೇನು ಅಂತ ಕೈಬಿಡೋದೇ ಅಪಾಯ. ಅಲ್ಲೇ ನಿಂತು 104ಕ್ಕೆ ಫೋನ್ ಮಾಡಿದೆ, ತಾಲ್ಲೂಕು ಆರೋಗ್ಯಾಧಿಕಾರಿಗೂ ಮಾಡಿದೆ. ವಯಲ್ ಒಡೆದರು.

ಅದಕ್ಕಿಂತ ದೊಡ್ಡ ತಕರಾರು ಹಾಜರಿಯದ್ದು. ಆಸ್ಪತ್ರೆಯಲ್ಲಿ ಲಸಿಕೆ ಹಾಕೋ ಹೊತ್ತೂ ಅಕ್ಕ ಕೆಲಸ ಮಾಡೋ ಹೊತ್ತೂ ಒಂದೇ. ಗುತ್ತಿಗೆ ಕೆಲಸ, ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯ್ತು. ನಾಗಪುರಕ್ಕೆ ಅಂತ ಆಗಲೇ ನಾಲ್ಕೈದು ದಿನ ಹೋಗಿತ್ತು. ಇಪ್ಪತ್ತೆಂಟನೇ ದಿನದ ಇಂಜೆಕ್ಷನ್ ಬೇಡ ಅಂತ ಅಕ್ಕ ನಿಂತುಬಿಟ್ಟರು. "ಮೂರು ಹಾಕಿದಾರಲ್ಲ, ಗಾಯ ಒಣಗೈತೆ." ಗಾಯ ಒಣಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳಿದ್ದು ಅವರ ಕಿವಿಗೆ ಹೋಗಲಿಲ್ಲ. ಕೊನೆಗೆ ದೊಡ್ಡಮ್ಮನ ಮಗನ ಆ ಚೀಟಿ ತಂದು ತೋರಿಸಿದೆ. ಅಕ್ಕನಿಗೆ ಓದೋಕೆ ಬರಲ್ಲ. ಮಗಳು ಆ ಮೂರು ತಾರೀಕುಗಳನ್ನ ಜೋರಾಗಿ ಓದಿದಳು. ಇಪ್ಪತ್ತೆಂಟನೇ ದಿನ ಅಕ್ಕ ಹೋದರು, ಅರ್ಧ ದಿನದ ಕೂಲಿ ಹೋಯ್ತು. ಲಸಿಕೆ ಹಾಕಿಸೋ ದಿನಗಳಿಗೆ ಹಾಜರಿ ಕೊಡಬೇಕು, ಎಲ್ಲ ಪೌರಕಾರ್ಮಿಕರಿಗೂ ಮುಂಚಿತವಾಗಿ ಮೂರು ಲಸಿಕೆ ಹಾಕಿಸಬೇಕು ಅಂತ ನಾವು ಕೊಟ್ಟ ಅರ್ಜಿಗೆ ಸ್ವೀಕೃತಿ ಇದೆ, ಉತ್ತರ ಇನ್ನೂ ಬಂದಿಲ್ಲ. ಎರಡನೇ ನೆನಪೋಲೆ ಹೋಗಿದೆ. ನಿಮ್ಮ ನಿಮ್ಮ ಊರಲ್ಲೂ ಕೊಡಿ, ನಕಲು ಬೇಕಾದರೆ ಕಳಿಸ್ತೀನಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಇಂಜೆಕ್ಷನ್ ಮುಗಿಯೋವರೆಗೂ ಬಾಡು ತಿನ್ನಬಾರದು, ಮೊಟ್ಟೆ ತಿನ್ನಬಾರದು ಅಂತ ಯಾರೋ ಅಕ್ಕನ ತಲೆಗೆ ತುಂಬಿದ್ದರು. ಎಷ್ಟೋ ಜನ ಈ ಪಥ್ಯಕ್ಕೆ ಹೆದರಿ ಲಸಿಕೆಯನ್ನೇ ಬಿಡ್ತಾರೆ. ಊಟಕ್ಕೂ ಲಸಿಕೆಗೂ ಯಾವ ಸಂಬಂಧವೂ ಇಲ್ಲ. ನಮ್ಮ ಊಟದ ಮೇಲೆ ಕಣ್ಣಿಡೋರು ರೋಗದ ಹೆಸರಲ್ಲೂ ಇಡ್ತಾರೆ, ಅಷ್ಟೇ. ಹಾಗೇ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನೋ ಭಯ. ಅದು ನಮ್ಮ ತಂದೆ ತಾಯಿ ಕಾಲದ್ದು, ಕುರಿಯ ಮಿದುಳಿನಿಂದ ಮಾಡ್ತಿದ್ದ ಹಳೇ ಲಸಿಕೆ. ಅದನ್ನ ನಿಲ್ಲಿಸಿ ಇಪ್ಪತ್ತು ವರ್ಷ ಆಯ್ತು.

ನೋಡಿದರೆ ಈ ಲಸಿಕೆಯ ಚರಿತ್ರೆ ಶುರುವಾಗೋದೇ ದೂರದಿಂದ ಬಂದವರಿಂದ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಮೊದಲ ಸಲ ಚಿಕಿತ್ಸೆ ಕೊಟ್ಟ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್, ಕಡಿತವಾದ ಎರಡು ದಿನಕ್ಕೆ ಆಲ್ಸೇಸ್‌ನಿಂದ ತಾಯಿ ಜೊತೆ ಪ್ಯಾರಿಸ್ಸಿಗೆ ಬಂದಿದ್ದ. ಮುಂದಿನ ವರ್ಷ ರಷ್ಯಾದ ಸ್ಮೊಲೆನ್ಸ್ಕ್‌ನಿಂದ ಹುಚ್ಚು ತೋಳ ಕಡಿದ ಹತ್ತೊಂಬತ್ತು ಜನ ಬಂದರು, ಅಷ್ಟು ತಡವಾಗಿ ಬಂದರೂ ಹದಿನಾರು ಜನ ಉಳಿದರು. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿ, 1907ರಲ್ಲಿ ಕೂನೂರು ಪಾಶ್ಚರ್ ಸಂಸ್ಥೆಗಳು ಬಂದವು. ಆಗ ಚಿಕಿತ್ಸೆ ಬೆಟ್ಟದ ಮೇಲಿತ್ತು. ಈಗ ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಇರಬೇಕು. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳೋ ಹಕ್ಕು ನಮಗಿದೆ. ಕರ್ನಾಟಕದಲ್ಲಿ 2022ರ ಕೊನೆಯಿಂದ ಮನುಷ್ಯರಿಗೆ ಬಂದ ರೇಬೀಸ್ ಪ್ರಕರಣವನ್ನ ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು. ನಮ್ಮ ದೊಡ್ಡಮ್ಮನ ಮಗ ಯಾವ ಲೆಕ್ಕಕ್ಕೂ ಸೇರಿರಲಿಲ್ಲ.

ಬಸ್ಸಿನ ಪಟ್ಟಿಗೆ ವಾಪಸ್ಸು ಬರೋಣ. ಸೋಪು, ಕ್ಯಾನು ಜೊತೆಗೆ ಒಂದು ಬೆಟಾಡಿನ್ ಬಾಟಲಿ ಸೇರಿಸಿದ್ದೀನಿ. ಪ್ರತಿ ಬಸ್ಸಿಗೂ ಒಬ್ಬರು ದಾರಿಯ ಸರ್ಕಾರಿ ಆಸ್ಪತ್ರೆಗಳ ಹೆಸರು, ಊರು ಬರೆದಿಟ್ಟುಕೊಳ್ಳಬೇಕು. ಕರ್ನೂಲು ದಾಟಿದ ಮೇಲೆ ನಿಮ್ಮ ಮೊಬೈಲಿಗೆ ಸಿಗ್ನಲ್ ಸಿಗತ್ತೆ ಅಂತ ನಂಬಬೇಡಿ, ಹಾಳೆ ಮೇಲೆ ಬರೀರಿ. ಹೆಂಗಸರು ಕತ್ತಲಲ್ಲಿ ಇಳಿಯೋವಾಗ ಗುಂಪಾಗಿ, ಟಾರ್ಚು, ಕೋಲು ಹಿಡಿದು ಇಳೀರಿ. ಶೌಚಾಲಯಕ್ಕೆ ಬೀಗ ಇರೋ ಡಾಬಾದಲ್ಲಿ ಬಸ್ಸು ನಿಲ್ಲಿಸೋದು ಬೇಡ ಅಂತ ಡ್ರೈವರಿಗೆ ಮೊದಲೇ ಹೇಳೋಣ, ನಲವತ್ತೈದು ಜನರ ಟೀ ವ್ಯಾಪಾರ ಬೇಕಿದ್ದರೆ ಅವರೇ ಬೀಗ ತೆಗೀತಾರೆ.

ಭಾನುವಾರ ಹತ್ತು ಗಂಟೆಗೆ ಅಂಬೇಡ್ಕರ್ ಭವನದಲ್ಲಿ ಸಭೆ. ಅಕ್ಕನೂ ಬರ್ತಾರೆ, ಈ ಸಲ ಮೈಕಿನಲ್ಲಿ ಈ ವಿಷಯ ತಾನೇ ಹೇಳ್ತೀನಿ ಅಂದಿದ್ದಾರೆ. ಒಂದು ಕ್ಯಾನು ನಮ್ಮ ಮನೇಲಿ ಇದೆ. ಇನ್ನೊಂದು ಯ��ರ ಹತ್ತಿರ ಇದೆ, ಕೆಳಗೆ ಹೇಳಿ.